ಅತ್ತೆಯ ಬೋರಿಗೆ ಶುಕ್ರವಾರದ ಕಲ್ಲು

ನಮ್ಮ ಅತ್ತೆಗೆ ಕಿವಿ ಕೇಳಿಸುವುದಿಲ್ಲ. ಪಕ್ಕದಲ್ಲೇ ಕುಕ್ಕರ್ ನಾಲ್ಕು ಸಲ ಕೂಗಿದರೂ ತಿರುಗಿ ನೋಡುವವರಲ್ಲ. ತಿಪಟೂರಿಗೆ ಕರೆದುಕೊಂಡು ಹೋಗಿ ಕಿವಿಗೆ ಮಿಷನ್ ಹಾಕಿಸಿಕೊಂಡು ಬಂದಿದ್ದೆವು. "ಇದ್ರೊಳ್ಗೆ ಬರೀ ಮಿಕ್ಸಿ ತಿರುಗ್ದಂಗೆ ಆಯ್ತದೆ ಕಣೇ" ಎಂದು ಮೂರೇ ದಿನಕ್ಕೆ ತೆಗೆದು ಸಾಸಿವೆ ಡಬ್ಬಿಯೊಳಗೆ ಹಾಕಿಟ್ಟರು. ಈಗಲೂ ಒಗ್ಗರಣೆಗೆಂದು ಕೈ ಹಾಕಿದರೆ ಬೆರಳಿಗೆ ಮೊದಲು ಸಿಗುವುದು ಅದೇ. ಅವರಿಗೆ ಏನಾದರೂ ಹೇಳಬೇಕೆಂದರೆ ಎದುರಿಗೆ ನಿಂತು, ಬಾಯಿ ಅಗಲ ಮಾಡಿ, ಅರ್ಧ ಗಂಟಲಲ್ಲಿ ಅರ್ಧ ಕೈಯಲ್ಲಿ ಹೇಳಬೇಕು. ಬೀದಿಯಲ್ಲಿ ಹೋಗುವವರು ಅತ್ತೆ ಸೊಸೆ ಜಗಳಕ್ಕೆ ಬಿದ್ದಿದ್ದಾರೆ ಎಂದುಕೊಳ್ಳುತ್ತಾರೆ. ಕೆಲವು ದಿನ ಅದು ನಿಜವೂ ಹೌದು.

ಇಂಥ ಅತ್ತೆಗೆ ಒಂದೇ ಒಂದು ಸದ್ದು ಮಾತ್ರ ಕೇಳಿಸುತ್ತಿತ್ತು. ನಮ್ಮ ತೆಂಗಿನ ತೋಟದ ಮೇಲ್ಬದಿಯಲ್ಲಿ ನೀರು ನಿಂತು ಎಂಟು ವರ್ಷವಾದ ಒಂದು ಬೋರ್‌ವೆಲ್ ಇದೆ. ಮೋಟಾರು, ಪೈಪು ಎಲ್ಲವನ್ನೂ ಆಗಲೇ ಮೇಲೆತ್ತಿಯಾಗಿತ್ತು. ಉಳಿದಿದ್ದು ನೆಲದಿಂದ ಒಂದು ಮೊಳ ಎದ್ದು ನಿಂತ ಕಬ್ಬಿಣದ ಕೇಸಿಂಗ್ ಪೈಪು, ಅದರ ಬಾಯಿಗೆ ಮಗುಚಿದ ತಳ ತೂತಾದ ಒಂದು ಅಲ್ಯೂಮಿನಿಯಂ ಬೋಸಿ, ಬೋಸಿಯ ಮೇಲೊಂದು ಕಲ್ಲು. ಪ್ರತಿ ಶುಕ್ರವಾರ ಬೆಳಗ್ಗೆ ಅತ್ತೆ ತಲೆಗೆ ನೀರು ಹಾಕಿಕೊಂಡು ಅಲ್ಲಿಗೆ ಹೋಗುತ್ತಿದ್ದರು. ಬೋಸಿ ಸರಿಸಿ, ಪೈಪಿಗೆ ಅರಿಶಿನ ಕುಂಕುಮ ಹಚ್ಚಿ, ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದ ಹುಣಸೆಬೀಜದಷ್ಟು ದಪ್ಪದ ಕಲ್ಲೊಂದನ್ನು ಒಳಗೆ ಹಾಕಿ, ಪೈಪಿಗೆ ಕಿವಿ ಒತ್ತಿ ಕೂರುತ್ತಿದ್ದರು. ಮನೆಗೆ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತು ಹೇಳುತ್ತಿದ್ದುದು ಒಂದೇ ಮಾತು.

"ಸದ್ದು ಬಂತು ಕಣೇ. ಗಂಗಮ್ಮ ಅವ್ಳೆ."

ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ಮಾರು ದೂರದಿಂದ ನಾನು ಕೂಗಿದ್ದು ಕೇಳಿಸುವುದಿಲ್ಲ, ನೂರಾರು ಅಡಿ ಕೆಳಗಿನ ನೀರಿನ ಸದ್ದು ಕೇಳಿಸುತ್ತದೆಯಂತೆ! "ಅತ್ತೆ, ವಾರಕ್ಕೊಂದು ಕಲ್ಲು ಹಾಕಿ ಹಾಕಿ ನೀವೇ ಅರ್ಧ ಬೋರು ಮುಚ್ಚಿದ್ದೀರಿ" ಎಂದು ಒಂದು ಸಲ ಅವರ ಎದುರಿಗೇ ನಿಂತು ಹೇಳಿದ್ದೆ. ಅದು ಮಾತ್ರ ಅವರಿಗೆ ಕೇಳಿಸಲಿಲ್ಲ. ಬೇಡದ್ದು ಕೇಳಿಸದೆ ಇರುವುದು ಕಿವುಡರಿಗೆ ಇರುವ ಒಂದು ಅನುಕೂಲ.

ನಮ್ಮ ಮನೆಯಲ್ಲಿ ಅದಕ್ಕೆ ಅತ್ತೆ ಬೋರು ಎಂದೇ ಹೆಸರು. ಆ ಹೆಸರು ಬಂದ ದಿನ ನಾನು ಅಲ್ಲೇ ಇದ್ದೆ. ಮದುವೆಯಾಗಿ ಈ ಊರಿಗೆ ಬಂದು ಹದಿನೈದು ದಿನವಾಗಿತ್ತು. ದಬ್ಬೇಘಟ್ಟದ ಕಡೆಯಿಂದ ಬಂದ ಬೋರ್ ಲಾರಿ ತೋಟದಲ್ಲಿ ನಿಂತು ಬೆಳಗಿನಿಂದ ಒಂದೊಂದೇ ಉದ್ದನೆಯ ರಾಡು ಇಳಿಸುತ್ತಿತ್ತು. ಮೇಲೆ ಬರುತ್ತಿದ್ದದ್ದು ಬರೀ ಬಿಳಿ ದೂಳು. ತೆಂಗಿನ ಗರಿ, ದನದ ಕೊಟ್ಟಿಗೆ, ನನ್ನ ಹೊಸ ರೇಷ್ಮೆ ಸೀರೆ, ಎಲ್ಲದರ ಮೇಲೂ ಅಕ್ಕಿಹಿಟ್ಟು ಚೆಲ್ಲಿದಂತೆ ದೂಳು. ಮಧ್ಯಾಹ್ನದ ಹೊತ್ತಿಗೆ ಮಾವ ತಲೆಗೆ ಸುತ್ತಿದ್ದ ಟವಲು ಬಿಚ್ಚಿ ಒದರಿ, "ಸಾಕು ಕಣಪ್ಪ, ಲಾರಿ ತಿರುಗ್ಸು" ಎಂದು ಮನೆ ಕಡೆ ಹೊರಟೇಬಿಟ್ಟರು. ಲಾರಿಯವರಿಗೆ ಟೀ ತಂದಿದ್ದ ಅತ್ತೆಗೆ ಆಗಿನ್ನೂ ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು, ಕ್ಯಾನು ಕೆಳಗಿಟ್ಟರು.

"ಇನ್ನೊಂದು ರಾಡ್ ಇಳ್ಸಿ."

"ನಿಂಗೇನೇ ಗೊತ್ತು?" ಎಂದರು ಮಾವ.

"ಏನೂ ಗೊತ್ತಿಲ್ಲ. ಇಳ್ಸಿ."

ಇಳಿಸಿದರು. ದೂಳು ಮೊದಲು ಒದ್ದೆಯಾಯಿತು, ಆಮೇಲೆ ಕೆಸರಾಯಿತು, ಆಮೇಲೆ ಭುಸ್ಸೆಂದು ನೀರು ಎದ್ದು ನಮ್ಮೆಲ್ಲರ ನೆತ್ತಿಯ ಮೇಲೆ ಬಿತ್ತು. ನನ್ನ ರೇಷ್ಮೆ ಸೀರೆ ಅವತ್ತೇ ನೆಲ ಒರೆಸುವುದಕ್ಕೆ ಹೋಯಿತು. ಮಾವ ಅರ್ಧ ದಾರಿಯಿಂದ ಓಡಿ ಬಂದು, ಕೆಸರಲ್ಲೇ ಕೂತು ಚಿಕ್ಕ ಹುಡುಗರ ಹಾಗೆ ನಕ್ಕರು. ಅಂದಿನಿಂದ ಅವರು ಇರುವವರೆಗೂ ಅದನ್ನು ಅತ್ತೆಯ ಎದುರು "ನಿನ್ನ ಬೋರು" ಎಂದೇ ಕರೆದರು. ಅವರು ತೀರಿಕೊಂಡ ಎರಡು ವರ್ಷಕ್ಕೆ ಬೋರೂ ನಿಂತಿತು. ಕೆಳಗಿನ ಮೂಲೆಯಲ್ಲಿ ಇನ್ನೊಂದು ಬೋರು ಕೊರೆಸಿದೆವು, ಅದರಲ್ಲಿ ನೀರು ಚೆನ್ನಾಗಿಯೇ ಬಂತು, ತೋಟಕ್ಕೇನೂ ತೊಂದರೆಯಾಗಲಿಲ್ಲ. ಹಳೆಯದರ ಕಡೆ ಅತ್ತೆಯನ್ನು ಬಿಟ್ಟು ಯಾರೂ ತಿರುಗಿ ನೋಡಲಿಲ್ಲ.

ಇಷ್ಟರಲ್ಲಿ ನಾನು ಗ್ರಾಮ ಪಂಚಾಯಿತಿ ಮೆಂಬರ್ ಆದೆ. ನಮ್ಮ ವಾರ್ಡು ಹೆಂಗಸರಿಗೆ ಮೀಸಲು ಬಂದಿತ್ತು. ಊರಲ್ಲಿ ಜೋರಾಗಿ ಮಾತಾಡುವ ಹೆಂಗಸು ಯಾರು ಎಂದು ಹುಡುಕಿದರು, ಅತ್ತೆಯ ದಯೆಯಿಂದ ನನ್ನ ಗಂಟಲು ಮೊದಲೇ ಪಳಗಿತ್ತು. ಮೆಂಬರ್ ಆದ ಮೇಲೆ ನನಗೆ ಗೊತ್ತಾಗಿದ್ದೇನೆಂದರೆ, ನಮ್ಮ ಬದುಕಿನಲ್ಲಿ ಕಾನೂನು ಮುಟ್ಟದ ವಸ್ತುವೇ ಇಲ್ಲ. ಪಂಪ್‌ಸೆಟ್ಟಿನ ಕರೆಂಟಿಗೆ ಒಂದು ನಿಯಮ, ಹಳ್ಳದ ಮರಳಿಗೆ ಒಂದು, ಕೆರೆಯ ಹೂಳಿಗೆ ಒಂದು, ನಾಲೆಗೆ ಪೈಪು ಇಳಿಬಿಟ್ಟು ನೀರೆತ್ತುವವರಿಗೆ ಇನ್ನೊಂದು. ವಿಧಾನಸೌಧದಲ್ಲಿ ಓದಿ, ಮೇಜು ತಟ್ಟಿ ಒಪ್ಪಿದ ಕಾಗದ ಕೊನೆಗೆ ಬಂದು ನಿಲ್ಲುವುದು ನನ್ನಂಥವಳ ಕೈಯಲ್ಲಿ. ಅದನ್ನು ಜನಕ್ಕೆ ಹೇಳಿ ಬೈಸಿಕೊಳ್ಳುವ ಕೆಲಸ ನನ್ನದು.

ಅಂತರ್ಜಲದ ಕಾನೂನಿಗೆ ತಿದ್ದುಪಡಿ ಬಂದಿದ್ದು ಹಾಗೆಯೇ. ನಮ್ಮ ಪಂಚಾಯಿತಿಯ ಪಿಡಿಒ ಮೇಡಂ ಒಳ್ಳೆಯ ಹೆಂಗಸು, ಮಾತು ಕಡಿಮೆ, ಸ್ಕೂಟರಲ್ಲಿ ಓಡಾಡುತ್ತಾರೆ. ಅವರು ನನ್ನನ್ನು ಕೂರಿಸಿಕೊಂಡು ವಿವರಿಸಿದರು: ನೀರಿಲ್ಲದ ಬೋರನ್ನು ಬಾಯಿ ತೆರೆದು ಬಿಡುವ ಹಾಗಿಲ್ಲ. ಮಣ್ಣು, ಜಲ್ಲಿ ತುಂಬಿ ಮುಚ್ಚಬೇಕು, ಮುಚ್ಚಿದ್ದಕ್ಕೆ ಫೋಟೋ ತೆಗೆದು ಕಳಿಸಬೇಕು. ಮಾಡದಿದ್ದರೆ ಜೈಲೂ ಉಂಟು, ದಂಡವೂ ಉಂಟು. ಅದನ್ನು ಕೇಳಿ ನನಗೆ ಖುಷಿಯೇ ಆಯಿತು. ತೆರೆದ ಬೋರಿಗೆ ಮಗು ಬಿದ್ದ ಸುದ್ದಿಯನ್ನು ಟಿವಿಯಲ್ಲಿ ನೋಡಿ ಊಟ ಬಿಟ್ಟವಳು ನಾನು. ಇಂಥ ಕಾನೂನನ್ನು ಹೇಳಿ ಬೈಸಿಕೊಂಡರೂ ಪರವಾಗಿಲ್ಲ ಎನ್ನಿಸಿತು.

ನಮ್ಮೂರಲ್ಲಿ ಏನನ್ನಾದರೂ ಸಾರಬೇಕಿದ್ದರೆ ಬೆಳಗ್ಗೆ ಹಾಲಿನ ಡೇರಿಯ ಮುಂದೆ ಸಾರಬೇಕು. ಕ್ಯಾನು ಹಿಡಿದು ಸಾಲಲ್ಲಿ ನಿಂತವರು ಹಾಲು ಅಳೆಯುವ ತನಕ ಎಲ್ಲಿಗೂ ಓಡಿಹೋಗಲಾರರು. ಅಲ್ಲಿ ನಿಂತು ಕಾನೂನಿನ ಕಾಗದ ಓದಿದೆ. ಯಾರ್ಯಾರ ತೋಟದಲ್ಲಿ ಬಾಯಿಬಿಟ್ಟ ಬೋರು ಇದೆಯೋ ಅವರೆಲ್ಲರ ಮುಖ ನೋಡಿ ನೋಡಿ ಓದಿದೆ. ಜೈಲು ಎನ್ನುವಲ್ಲಿ ದನಿಯನ್ನು ಸ್ವಲ್ಪ ಏರಿಸಿದ್ದೂ ಹೌದು. ನಮ್ಮ ತೋಟಕ್ಕೆ ಹೊಂದಿಕೊಂಡ ತೋಟದ ಯಜಮಾನರೊಬ್ಬರಿದ್ದಾರೆ, ನೆಂಟರಲ್ಲದಿದ್ದರೂ ನಾನು ಮಾವ ಎಂದೇ ಕರೆಯುವುದು. ಅವರು ಕ್ಯಾನನ್ನು ಕೆಳಗಿಟ್ಟು ಗಂಟಲು ಸರಿಮಾಡಿಕೊಂಡರು.

"ಅಲ್ಲಾ ಮೆಂಬರಮ್ಮ, ಊರಿಗೆಲ್ಲಾ ಜೈಲು ತೋರುಸ್ತಾ ಇದ್ದೀಯಲ್ಲ, ನಿಮ್ಮತ್ತೆ ಬೋರು ಯಾವ ಕಾನೂನಿಗೂ ಬರಾಕಿಲ್ವಾ?"

"ಅದುಕ್ಕೆ ಬೋಸಿ ಮುಚ್ಚೈತೆ ಮಾವ" ಎಂದೆ.

"ಬೋಸಿ ಮುಚ್ಚಿದ್ರೆ ಆಯ್ತದಾ? ಹಂಗಾದ್ರೆ ನಮ್ಮನೇಲೂ ಒಂದು ತೂತು ಬೋಸಿ ಅದೆ ಬುಡು."

ಸಾಲಿಗೆ ಸಾಲೇ ನಕ್ಕಿತು. ಡೇರಿಯ ಸೆಕ್ರೆಟರಿ ನಗುವ ಭರದಲ್ಲಿ ಒಬ್ಬರ ಹಾಲನ್ನು ಎರಡು ಸಲ ಅಳೆದ. ನಾನು ಕಾಗದ ಮಡಚಿಕೊಂಡು ಮನೆಗೆ ಬಂದೆ. ಸಿಟ್ಟಿಗೆ ಅವತ್ತು ಉಪ್ಪಿಟ್ಟಿಗೆ ಉಪ್ಪೇ ಹಾಕಲಿಲ್ಲ.

ಅತ್ತೆಯನ್ನು ಕೂರಿಸಿಕೊಂಡು ಫಾರಂ ತೋರಿಸಿದೆ. ಅದರಲ್ಲಿ ಬೋರಿಗೆ ಇದ್ದದ್ದು ಎರಡೇ ಕಾಲಂ. ಒಂದು ಚಾಲ್ತಿ, ಇನ್ನೊಂದು ವಿಫಲ. ವಿಫಲ ಎನ್ನುವುದರ ಮೇಲೆ ಬೆರಳಿಟ್ಟು, "ಇಲ್ಲಿ ಟಿಕ್ ಹಾಕ್ಬೇಕು ಅತ್ತೆ" ಎಂದು ಕೂಗಿದೆ.

"ಇಫಲ ಅಂದ್ರೇನು?"

"ನೀರಿಲ್ಲದ್ದು!"

"ನೀರಿಲ್ದಿದ್ರೆ ಮಣ್ಣು ತುಂಬ್ಬೇಕಾ?"

"ಹೂಂ!"

ಅತ್ತೆ ಸ್ವಲ್ಪ ಹೊತ್ತು ಅಡಿಕೆ ಜಗಿದರು. "ನಮ್ಮೂರ ಕೆರೇಲಿ ಎಷ್ಟು ವರ್ಷ ನೀರಿರ್ಲಿಲ್ಲ? ನಿನ್ ಮಗ ಅಲ್ಲೇ ಅಲ್ವಾ ಕ್ರಿಕೆಟ್ ಆಡ್ತಾ ಬೆಳ್ದಿದ್ದು? ಆಗ ಯಾಕೆ ಯಾರೂ ಕೆರೇಗೆ ಮಣ್ಣು ತುಂಬ್ಲಿಲ್ಲ? ಬುಟ್ಟಿದ್ಕೆ ತಾನೆ ಈಗ ನಾಲೆ ನೀರು ಬಂದು ತುಂಬೈತೆ?"

ಅದೇನೋ ನಿಜ. ಮೂರು ವರ್ಷದಿಂದ ನಾಲೆಯ ನೀರು ಬಿಟ್ಟು ಕೆರೆ ತುಂಬಿಸುತ್ತಿದ್ದರು, ಎರಡು ವರ್ಷ ಮಳೆಯೂ ಕೈ ಹಿಡಿದಿತ್ತು. ಕೋಡಿ ಬಿದ್ದ ದಿನ ನಾನೇ ಮೆಂಬರ್ ಆಗಿ ಬಾಗಿನ ಬಿಟ್ಟಿದ್ದೆ. ಆದರೂ ಸೋಲು ಒಪ್ಪಿಕೊಳ್ಳುವ ಜಾಯಮಾನ ನನ್ನದಲ್ಲ. "ಕೆರೆ ಬೇರೆ, ಬೋರು ಬೇರೆ" ಎಂದು ಕೂಗಿ ಎದ್ದೆ. ನನ್ನ ಗಂಡ ಬಸ್ ಕಂಡಕ್ಟರ್, ದಿನವೆಲ್ಲ ಜನರ ಜಗಳ ಬಿಡಿಸಿ ಸುಸ್ತಾಗಿ ಬಂದವರು. ಊಟಕ್ಕೆ ಕೂತಾಗ ನ್ಯಾಯ ಕೇಳಿದರೆ, "ಒಂದು ಕಡೆ ಅಮ್ಮ, ಇನ್ನೊಂದು ಕಡೆ ಸರ್ಕಾರ. ನಾನು ಈ ಸ್ಟಾಪಲ್ಲಿ ಇಳಿಯಲ್ಲ ಕಣೇ" ಎಂದು ಕೈ ತೊಳೆದುಕೊಂಡರು.

ಹೀಗೇ ಒಂದು ತಿಂಗಳು ಕಳೆಯಿತು. ಊರಲ್ಲಿ ಬೇರೆಯವರ ಬೋರುಗಳು ಒಂದೊಂದಾಗಿ ಮುಚ್ಚಿದವು. ಆಚೆ ತೋಟದ ಮಾವನೂ ತಮ್ಮದೊಂದನ್ನು ಮುಚ್ಚಿಸಿ, ಅದರ ಮೇಲೆ ನಿಂತು ಫೋಟೋ ತೆಗೆಸಿಕೊಂಡು, ಆ ಫೋಟೋವನ್ನು ಬೇಕೆಂದೇ ನನ್ನ ಮೊಬೈಲಿಗೆ ಕಳಿಸಿದರು.

ಆಮೇಲೊಂದು ದಿನ ನನ್ನ ಎದೆ ಒಡೆಯುವಂಥದ್ದು ನಡೆಯಿತು. ನಮ್ಮ ತೋಟದ ಬದುವಿನ ಮೇಲೆ ಅಂಗನವಾಡಿಗೆ ಹೋಗುವ ಕಾಲುದಾರಿ ಇದೆ. ನಾನು ಬಿದ್ದ ಗರಿ ಆಯುತ್ತಿದ್ದೆ, ಅತ್ತೆ ನನ್ನ ಜೊತೆ ಕಾಯಿ ಗುಡ್ಡೆ ಹಾಕುತ್ತಿದ್ದರು. ತಲೆ ಎತ್ತಿ ನೋಡಿದರೆ ನಮ್ಮ ಕರು ಅರಿಶಿನ ಕುಂಕುಮದ ಜೊತೆ ಅತ್ತೆ ಇಟ್ಟಿದ್ದ ಬೆಲ್ಲದ ಆಸೆಗೆ ಬೋಸಿಯನ್ನು ಮೂತಿಯಿಂದ ತಳ್ಳಿ ಕೆಡವಿತ್ತು. ಬೋಸಿ ಉರುಳಿದ ಸದ್ದಿಗೆ, ಅಂಗನವಾಡಿ ಮುಗಿಸಿ ಮನೆಗೆ ಹೊರಟಿದ್ದ ಮಕ್ಕಳಲ್ಲಿ ಪುಟ್ಟ ಹುಡುಗಿಯೊಬ್ಬಳು ಸಾಲು ಬಿಟ್ಟು ಅಲ್ಲಿಗೆ ಓಡಿ ಬಂದು, ಪೈಪಿನ ಬಾಯಿಗೆ ಎರಡೂ ಕೈ ಊರಿ ಒಳಗೆ ಬಗ್ಗಿ "ಓಓ" ಎಂದು ಕೂಗುತ್ತಿದ್ದಳು. ನಾನು ಕೂಗುವುದಕ್ಕೂ ಮೊದಲೇ ಅತ್ತೆ ಓಡಿದ್ದರು. ಎಪ್ಪತ್ತು ದಾಟಿದ, ಮಂಡಿನೋವಿನ ಅತ್ತೆ ಹಾಗೆ ಓಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಮಗುವನ್ನು ಬಾಚಿ ಎತ್ತಿಕೊಂಡು ಬದುವಿನ ಆಚೆ ಬಿಟ್ಟು ಬಂದರು. ಬೋಸಿಯನ್ನು ಮತ್ತೆ ಮುಚ್ಚಿ, ಅದರ ಮೇಲೆ ಕಲ್ಲಿಟ್ಟು, ಕಲ್ಲಿನ ಮೇಲೆ ತಾವೇ ಕೂತರು.

"ಮುಚ್ಚುಸ್ಬುಡು" ಎಂದರು.

ನನಗೆ ಗೆದ್ದೆ ಎಂದು ಒಂದು ಚೂರೂ ಅನ್ನಿಸಲಿಲ್ಲ.

"ಮುಚ್ಚುಸ್ಬುಡು ಕಣೇ. ನಿನ್ ಕಾನೂನು ಸರಿಯಾಗೈತೆ. ಶುಕ್ರವಾರದ ಗಂಟ ತಡಿ, ಒಂದು ಪೂಜೆ ಮಾಡಿ ಕಳಿಸ್ಕೊಡ್ತೀನಿ."

ಅವತ್ತು ಸಂಜೆಯೇ ಫಾರಂ ತುಂಬಿದೆ. ವಿಫಲ ಎನ್ನುವ ಕಡೆ ಟಿಕ್ ಹಾಕಿ ನನ್ನ ಸಹಿ ಮಾಡಿದೆ. ನಾನೊಂದು ಮಾತನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಆ ಬೋರಿನಲ್ಲಿ ನೀರಿಲ್ಲ ಎಂದು ಬರೆದುಕೊಟ್ಟ ನಾನು ಎಂಟು ವರ್ಷದಲ್ಲಿ ಒಂದೇ ಒಂದು ಸಲವೂ ಅದರ ಹತ್ತಿರ ಬಗ್ಗಿ ನೋಡಿದವಳಲ್ಲ.

ಶುಕ್ರವಾರ ಬೆಳಗ್ಗೆ ಮಣ್ಣು ತುಂಬಿದ ಟ್ರ್ಯಾಕ್ಟರ್ ಬಂದು ಬೋರಿನ ಪಕ್ಕದಲ್ಲೇ ಗುರುಗುಟ್ಟುತ್ತಾ ನಿಂತಿತು. ಪಿಡಿಒ ಮೇಡಂ ಫೋಟೋ ತೆಗೆಯುವುದಕ್ಕೆ ಸ್ಕೂಟರಲ್ಲಿ ಬಂದರು. ಆಚೆ ತೋಟದ ಮಾವನನ್ನು ಯಾರೂ ಕರೆದಿರಲಿಲ್ಲ, ಆದರೂ ಬಂದಿದ್ದರು. ಅತ್ತೆ ಮಡಿಸೀರೆ ಉಟ್ಟು, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಷ್ಟು ಸಾಮಾನು ಬುಟ್ಟಿಯಲ್ಲಿಟ್ಟುಕೊಂಡು ಬಂದರು. ಅರಿಶಿನ, ಕುಂಕುಮ, ಹಸಿರು ಬಳೆ, ರವಿಕೆ ಕಣ, ಎಲೆ ಅಡಿಕೆ. ಅದೇ ಬೋರಿನ ನೀರು ಕುಡಿದು ಬೆಳೆದ ಮರದ ಕಾಯಿ ಒಡೆದರು. ಪೂಜೆಯೆಲ್ಲ ಮುಗಿದ ಮೇಲೆ ಸೆರಗಿನ ಗಂಟು ಬಿಚ್ಚಿ, ಆ ವಾರದ ಕಲ್ಲನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು.

"ಈ ಸಲ ನೀನಾಕು."

"ನಾನ್ಯಾಕೆ ಅತ್ತೆ?"

"ಹಾಕು ಅಂದ್ರೆ ಹಾಕು. ಎಲ್ಲಾದಕ್ಕೂ ಎದುರು ಮಾತು."

ಬಗ್ಗಿದೆ. ಕಬ್ಬಿಣಕ್ಕೆ ಬೆಳಗಿನ ಬಿಸಿಲು ತಾಗಿ ಬೆಚ್ಚಗಾಗಿತ್ತು, ಕಿವಿಗೆ ಅರಿಶಿನ ಮೆತ್ತಿಕೊಂಡಿತು. ಕಲ್ಲನ್ನು ಬಿಟ್ಟೆ. ಪೈಪಿಗೆ ಬಡಿದು ಟಣ್ ಎಂದಿತು, ಇನ್ನೂ ಕೆಳಗೆ ಇನ್ನೊಂದು ಸಲ ಟಣ್ ಎಂದಿತು. ಆಮೇಲೆ ಏನೂ ಇಲ್ಲ. ಆಮೇಲೆ, ತುಂಬಾ ಕೆಳಗೆ, ಬುಳಕ್.

ನಾನು ನೆಟ್ಟಗೆ ನಿಂತೆ. "ಟ್ರ್ಯಾಕ್ಟರ್ ಆಫ್ ಮಾಡ್ರೀ!" ಎಂದು ಕಿರುಚಿದೆ. ಟ್ರ್ಯಾಕ್ಟರಿನವನು ಹೆದರಿ ಒಮ್ಮೆಗೇ ಆಫ್ ಮಾಡಿದ. ಅತ್ತೆಯ ಎದುರಿಗೆ ನಿಂತು, ಬಾಯಿ ಅಗಲ ಮಾಡಿ, ಕೈಯನ್ನು ಕಿವಿಗೆ ತೋರಿಸಿ ಹೇಳಿದೆ.

"ಅತ್ತೆ, ಸದ್ದು ಬಂತು!"

ಅತ್ತೆ ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂದವು. ಆದರೆ ಅವರ ತಲೆ ಅಲ್ಲಾಡಿದ್ದು ಅಡ್ಡಡ್ಡಕ್ಕೆ.

"ಸುಳ್ಳು ಹೇಳ್ಬ್ಯಾಡ ಕಣೇ. ನನ್ ಸಮಾಧಾನಕ್ಕೆ ಹೇಳ್ತಾ ಇದ್ದೀಯ."

"ಅಯ್ಯೋ, ನಿಮ್ಮಾಣೆ ಅತ್ತೆ!"

"ನಂಗೆ ಗೊತ್ತಿಲ್ವಾ? ನಾನೂ ಎಂಟು ವರ್ಷದಿಂದ ಇದೇ ಸುಳ್ಳೇ ಅಲ್ವಾ ಹೇಳ್ತಿದ್ದದ್ದು? ಒಂದು ದಿನಾನೂ ನಂಗೆ ಏನೂ ಕೇಳಿಲ್ಲ. ಸದ್ದು ಬಂತು ಅಂದ್ರೆ ನೀವು ಬುಡ್ತೀರಿ, ಬರ್ಲಿಲ್ಲ ಅಂದ್ರೆ ಮುಚ್ಚಾಕ್ತೀರಿ ಅಂತ ಹೇಳ್ತಿದ್ದೆ. ಸಾಕು ಬುಡು. ಮಣ್ಣು ಹಾಕ್ಸು."

ಹೀಗೆಂದು ಬುಟ್ಟಿ ಎತ್ತಿಕೊಂಡು ನಾಲ್ಕು ಮರದ ಆಚೆ ಹೋಗಿ, ನಮ್ಮ ಕಡೆ ಬೆನ್ನು ಹಾಕಿ ಕೂತುಬಿಟ್ಟರು. ಹಿಂದಿನಿಂದ ಕೂಗಿ ಕರೆಯೋಣವೆಂದರೆ ಕೇಳಿಸುವುದಿಲ್ಲ. ನಾನು ಆಡಿಕೊಂಡು ನಕ್ಕ ಎಲ್ಲ ಶುಕ್ರವಾರಗಳೂ ನೆನಪಾಗಿ ನನಗೆ ನಾಚಿಕೆಯಾಯಿತು.

ಆಚೆ ತೋಟದ ಮಾವ ಅಷ್ಟರಲ್ಲಿ ತಾವೂ ಒಂದು ಕಲ್ಲು ಹಾಕಿ ಕೇಳಿ ಆಗಿತ್ತು. "ನಂಗೇನೂ ಕೇಳಿಲ್ಲಪ್ಪ. ಟಣ್ ಅಂತು, ಅಷ್ಟೆ." ಪಿಡಿಒ ಮೇಡಂ ನನ್ನ ಕಡೆ ನೋಡಿದರು. "ನಿಮಗೆ ಕೇಳಿಸಿದ್ದು ಹೌದಾ? ಗಾಡಿ ಆನ್ ಇತ್ತಲ್ಲ." ಅವರು ಹಾಗೆ ಕೇಳಿದ ಮೇಲೆ ನನಗೂ ಅನುಮಾನ ಬಂತು. ಕೇಳಿಸಿತೋ, ಕೇಳಿಸಲಿ ಎನ್ನುವ ಆಸೆಯೋ? ಎಂಟು ವರ್ಷ ಅತ್ತೆಯನ್ನು ಹೀಯಾಳಿಸಿದವಳು ಒಂದೇ ಕಲ್ಲಿಗೆ ಅವರ ಹಾಗೇ ಆಗಿಬಿಟ್ಟೆನೋ?

"ಐದು ನಿಮಿಷ ತಡೀರಿ" ಎಂದು ಮನೆಗೆ ಓಡಿದೆ. ಕೊಬ್ಬರಿ ತೂಗುವ ತಕ್ಕಡಿಯಲ್ಲಿ ಒಂದು ಕೆಜಿಯ ಕಬ್ಬಿಣದ ಬಟ್ಟು ಇತ್ತು. ಅದನ್ನೂ, ಕೊಟ್ಟಿಗೆಯಲ್ಲಿ ಸುತ್ತಿಟ್ಟಿದ್ದ ಉದ್ದನೆಯ ತೆಂಗಿನ ನಾರಿನ ಹಗ್ಗವನ್ನೂ ತಂದೆ. ಬಟ್ಟಿಗೆ ಹಗ್ಗ ಬಿಗಿದು ಪೈಪಿನೊಳಗೆ ಇಳಿಬಿಟ್ಟೆವು. ಮಾವ ಮಾರು ಮಾರು ಎಣಿಸಿ ಬಿಡುತ್ತಿದ್ದರು, ನಾನು ತುದಿ ಹಿಡಿದಿದ್ದೆ. ಹಗ್ಗ ಮುಗಿಯಿತು. ಮೇಲೆಳೆದೆವು. ಬಟ್ಟು ಹೋದ ಹಾಗೇ ಬಂತು, ಒಣ ಒಣ, ಮೈಗೆ ಒಂದಿಷ್ಟು ತುಕ್ಕಿನ ಪುಡಿ ಅಂಟಿಸಿಕೊಂಡು.

ಟ್ರ್ಯಾಕ್ಟರಿನವನು ಮೆಲ್ಲಗೆ ಸೀಟು ಹತ್ತಿದ. ಮಾವನಂಥ ಮಾವನೇ ನನ್ನ ಮುಖ ನೋಡಿ, "ಹೋಗ್ಲಿ ಬುಡು ತಾಯಿ, ಬೇಜಾರು ಮಾಡ್ಕಬ್ಯಾಡ" ಎಂದರು. ನಾನು ಅತ್ತೆಯ ಕಡೆ ನೋಡಿದೆ. ಬೆನ್ನು ಅಲ್ಲಾಡದೆ ಕೂತಿದ್ದರು. ಮಣ್ಣು ಬೀಳುತ್ತಿದೆ ಎಂದೇ ಅಂದುಕೊಂಡಿದ್ದರೇನೋ.

"ಇನ್ನೊಂದು ಹಗ್ಗ ಗಂಟು ಹಾಕಿ" ಎಂದೆ.

"ಸುಮ್ನೆ ಯಾಕೆ, ನಿಂಗೇನು ಗೊತ್ತು..."

"ಏನೂ ಗೊತ್ತಿಲ್ಲ ಮಾವ. ಹಾಕಿ."

ಮಾವ ತಮ್ಮ ತೋಟಕ್ಕೆ ಹೋಗಿ ತಮ್ಮ ಗಾಡಿಗೆ ಹೇರು ಬಿಗಿಯುವ ಉದ್ದನೆಯ ಹಗ್ಗವನ್ನೇ ಬಿಚ್ಚಿಕೊಂಡು ಬಂದರು. ಗಂಟು ಹಾಕಿ, ಎಳೆದು ನೋಡಿ, ಮತ್ತೆ ಇಳಿಬಿಟ್ಟೆವು. ಈ ಸಲ ಹಗ್ಗ ಬಿಡುತ್ತಿದ್ದವಳು ನಾನು. ಗಂಟು ಪೈಪಿನೊಳಗೆ ಹೋಯಿತು. ಎರಡನೇ ಹಗ್ಗವೂ ಅರ್ಧ ಹೋಯಿತು. ಒಂದು ಗಳಿಗೆಯಲ್ಲಿ ನನ್ನ ಕೈಯ ಭಾರ ಇದ್ದಕ್ಕಿದ್ದಂತೆ ಹಗುರಾಯಿತು. ಒಂದು ಚೂರು, ಅಷ್ಟೇ. ಬಾವಿಯಲ್ಲಿ ನೀರು ಸೇದಿದವರಿಗೆ ಗೊತ್ತು, ಕೊಡ ನೀರು ಮುಟ್ಟಿದಾಗ ಕೈಗೆ ಆಗುವುದು ಅದೇ. ಇನ್ನೂ ನಾಲ್ಕು ಮಾರು ಬಿಟ್ಟು ಎಳೆದೆವು. ಗಂಟು ಬಂತು, ಒಣಗಿತ್ತು. ಅದರ ಹಿಂದೆ ಬಂದ ಹಗ್ಗವೂ ಒಣಗಿತ್ತು. ಇನ್ನಷ್ಟು ಬಂತು, ಮಾವನ ಅಂಗೈ ಒದ್ದೆಯಾಗಿ ಕೆಂಪಾಯಿತು. ಅವರು ಕೈಯನ್ನು ನೋಡಿಕೊಂಡರು, ಮೂಸಿದರು, ನಾಲಿಗೆಗೂ ತಾಗಿಸಿ ನೋಡಿದರು.

"ಅಯ್ಯಯ್ಯೋ! ನೀರು ಕಣ್ರೀ! ಸಿಹಿನೀರು!"

ನಾಲ್ಕು ಮಾರು ಹಗ್ಗ ತೊಟತೊಟ ತೊಟ್ಟಿಕ್ಕುತ್ತಾ ಬಂತು. ಟ್ರ್ಯಾಕ್ಟರಿನವನು ಹಾರಿ ಇಳಿದು ಓಡಿ ಬಂದ. ಪಿಡಿಒ ಮೇಡಂ "ಕೆರೆ ತುಂಬಿದ್ದು ಇಲ್ಲಿಗೂ ಇಳಿದಿದೆ" ಎಂದು ನಗುತ್ತಾ ಚೀಲದಿಂದ ನನ್ನ ಫಾರಂ ತೆಗೆದು, ವಿಫಲ ಎನ್ನುವ ಕಡೆಯ ಟಿಕ್ಕನ್ನು ಹೊಡೆದುಹಾಕಿದರು. ಚಾಲ್ತಿ ಎನ್ನೋಣವೆಂದರೆ ಮೋಟಾರಿಲ್ಲ, ವಿಫಲ ಎನ್ನೋಣವೆಂದರೆ ನೀರಿದೆ. ಎರಡಕ್ಕೂ ಸೇರದೆ ಅಂಚಿನ ಖಾಲಿ ಜಾಗದಲ್ಲಿ "ನೀರು ಇದೆ" ಎಂದು ಬರೆದು ಸಹಿ ಹಾಕಿದರು. "ಆದರೆ ಬಾಯಿ ಮಾತ್ರ ತೆರೆದಿರೋ ಹಾಗಿಲ್ಲ. ಇವತ್ತೇ ಕಬ್ಬಿಣದ ಮುಚ್ಚಳ ಹಾಕಿಸಿ ಬೋಲ್ಟ್ ಬಿಗಿಸಿ. ಬೋಸಿ ನಡೆಯಲ್ಲ" ಎಂದರು. ನಡೆಯುವುದಿಲ್ಲ ಎಂದು ನಾನೂ ಗಟ್ಟಿಯಾಗಿ ಹೇಳಿದೆ. ಮಣ್ಣನ್ನು ತೆಂಗಿನ ಬುಡಗಳಿಗೆ ಸುರಿಯಲು ಹೇಳಿದೆ.

ಇಷ್ಟೆಲ್ಲ ಗದ್ದಲವಾದರೂ ಅತ್ತೆ ತಿರುಗಿ ನೋಡಿರಲಿಲ್ಲ. ನಾನು ಬಟ್ಟನ್ನು ಹಗ್ಗದಿಂದ ಬಿಚ್ಚಿ, ನೀರು ಆರದ ಹಾಗೆ ಎರಡೂ ಕೈಯಲ್ಲಿ ಮುಚ್ಚಿಕೊಂಡು, ನಾಲ್ಕು ಮರ ದಾಟಿ ಅವರ ಮುಂದೆ ಹೋಗಿ ಕೂತೆ. ಅವರ ಕಣ್ಣು ಕೆಂಪಾಗಿತ್ತು. ಈ ಸಲ ಕೂಗಲಿಲ್ಲ, ಕೈ ಸನ್ನೆಯನ್ನೂ ಮಾಡಲಿಲ್ಲ. ಅವರ ಅಂಗೈ ತೆರೆದು ಬಟ್ಟನ್ನು ಇಟ್ಟೆ.

ಅತ್ತೆ ಬೆಚ್ಚಿದರು. ತಣ್ಣಗಿತ್ತು ಅದು. ಅತ್ತ ಇತ್ತ ಹೊರಳಿಸಿದರು, ಬೆರಳಿನ ಸಂದಿಯಲ್ಲಿ ಕೆಂಪು ನೀರು ಇಳಿಯುವುದನ್ನು ನೋಡಿದರು. ಆಚೆ ಬೋರಿನ ಹತ್ತಿರ ನೆಲದ ಮೇಲೆ ಬಿದ್ದಿದ್ದ ಒದ್ದೆ ಹಗ್ಗವನ್ನು ನೋಡಿದರು. ಆಮೇಲೆ ಮೆಲ್ಲಗೆ ಬಟ್ಟನ್ನು ಎತ್ತಿ ತಮ್ಮ ಕಿವಿಗೆ ಒತ್ತಿ ಹಿಡಿದುಕೊಂಡರು. ನೀರು ಕಿವಿಯಿಂದ ಕತ್ತಿಗೆ, ಕತ್ತಿನಿಂದ ರವಿಕೆಗೆ ಇಳಿಯಿತು.

"ಈಗ ಕೇಳಿಸ್ತು ಕಣೇ" ಎಂದರು.